ಟಾಜೋದಿಂದ ಪೊಕೆಮಾನ್ ಪಾಕೆಟ್ ತನಕ: ಅದ್ಲಾಬದ್ಲಿ ಎಲ್ಲಿ ಹೋತು?

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತಿನ ವಿಡಿಯೋ ಕಾರ್ಡಿನ ಮ್ಯಾಲ. ಇಸ್ಪೀಟ್ ಎಲಿ ಅಲ್ರಿ ಮತ್ತ, ಚಿಪ್ಸ್ ಪಾಕೀಟಿನ್ಯಾಗ ಸಿಗ್ತಿದ್ದ ದುಂಡನ ಟಾಜೋ ಬಿಲ್ಲೆ, ರಬ್ಬರ್ ಬ್ಯಾಂಡ್ ಸುತ್ತಿ ಕಿಸೇದಾಗ ಇಟ್ಕೋತಿದ್ದ ಡಬ್ಲ್ಯೂಡಬ್ಲ್ಯೂಇ ಟ್ರಂಪ್ ಕಾರ್ಡು, ಮತ್ತ ಈಗ ಮೊಬೈಲ್‌ನ್ಯಾಗ ಬಂದಿರೋ ಪೊಕೆಮಾನ್ ಟಿಸಿಜಿ ಪಾಕೆಟ್. ಪೊಕೆಮಾನ್ ಅಂದ್ರ ಜಪಾನಿನ ಗೇಮ್, ಕಾರ್ಟೂನಿನ್ಯಾಗ ಬರೋ ಪ್ರಾಣಿಗೋಳು, ಟಿಸಿಜಿ ಅಂದ್ರ ಅದ್ಲಾಬದ್ಲಿ ಮಾಡೋ ಕಾರ್ಡಿನ ಆಟ. 2024ರ ಅಕ್ಟೋಬರ್ 30ಕ್ಕ ಈ ಗೇಮ್ ಬಂತು, ಬಂದ ಮ್ಯಾಲ ನನ್ನ ವಾರಿಗಿ ಮಂದಿ, ಮಕ್ಕಳಾದವ್ರು ಸೈತ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ್ಯಾಗ ನಿಂತ್ಕೊಂಡ ಪ್ಯಾಕ್, ಅಂದ್ರ ಒಳಗ ಯಾವ ಕಾರ್ಡ್ ಐತಿ ಗೊತ್ತಿಲ್ಲದ ಪಾಕೀಟ್, ಹರಿಯೋದ ನೋಡೀನಿ.

ನನಗ ಅನಸಿದ್ದು ಮೊದ್ಲ ಹೇಳಿಬಿಡ್ತೀನಿ. ಪ್ಯಾಕ್ ಹರಿಯೋ ಖುಷಿನ ಈ ಗೇಮ್ ಭಾಳ ಛಲೋ ಹಿಡದೈತಿ. ಆದ್ರ ಕಾರ್ಡಿಗೆ ಜೀವ ಬರ್ತಿದ್ದದ್ದು ಅದ್ಲಾಬದ್ಲಿ ಮಾಡುವಾಗ, ಅಲ್ಲೇ ಇದು ಸೋತೈತಿ.

(ಇಲ್ಲೆ ಹಳೇ ಟ್ರಂಪ್ ಕಾರ್ಡ್ ಟೇಬಲ್ ಮ್ಯಾಲ ಹರವಿ ತೋರಸೋದು)

ಟ್ರಂಪ್ ಕಾರ್ಡ್ ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಒಂದೊಂದ ಕಾರ್ಡಿನ ಮ್ಯಾಲ ಒಬ್ಬೊಬ್ಬ ಪೈಲ್ವಾನನ ಫೋಟೋ, ಕೆಳಗ ರ‍್ಯಾಂಕ್, ಹೈಟ್, ವೇಟ್, ಚೆಸ್ಟ್, ಬೈಸೆಪ್ಸ್. ಎಲ್ಲಾರಿಗೂ ಸಮ ಹಂಚಿ, ನಿನ್ನ ಪಾಳಿ ಬಂದಾಗ "ವೇಟ್" ಅಂತ ಕೂಗೂದು, ಯಾರದು ಜಾಸ್ತಿ ಅವ ಎಲ್ಲಾ ಕಾರ್ಡ್ ಎತ್ಕೋತಾನ, ರ‍್ಯಾಂಕ್‌ನ್ಯಾಗ ಅಷ್ಟ ಸಣ್ಣ ನಂಬರ್ ಗೆಲ್ಲೂದು. ಭಾರಿ ಮೈಯ ಪೈಲ್ವಾನ ಬಿಗ್ ಶೋ ಕೈಯಾಗ ಬಂದ್ರ ಯಾರೂ ವಿಚಾರ ಮಾಡ್ತಿರಲಿಲ್ಲ, ಸೀದಾ ವೇಟ್. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಯಾವ ಊರಾಗ ಬೆಳದವ್ರನ್ನ ಕೇಳ್ರಿ, ಇದನ್ನ ಆಡಿದ್ದ ಒಂದ ಓಣಿ ಆದ್ರೂ ನೆನಪ ಇರತೈತಿ ಅವ್ರಿಗೆ.

ಟಾಜೋ ಕಥಿ ಬ್ಯಾರೆ. ಈ ದುಂಡನ ಬಿಲ್ಲೆ ಶುರು ಆಗಿದ್ದು 1994ರಾಗ ಮೆಕ್ಸಿಕೋದಾಗ, ಚಿಪ್ಸ್ ಮಾರಾಕ ಅಂತ ಪಾಕೀಟಿನ್ಯಾಗ ಹಾಕಿದ್ದು. ನಮ್ಮ ಕಡೆ ಪೊಕೆಮಾನ್ ಮಂದಿಗೆ ಗೊತ್ತಾಗಿದ್ದು 2003ರ ಸುಮಾರು ಟೀವ್ಯಾಗ ಕಾರ್ಟೂನ್ ಬರಾಕ ಚಾಲೂ ಆದ ಮ್ಯಾಲ, ಅದೂ ಹಿಂದ್ಯಾಗ, ಜಪಾನಿನ ಖರೇ ಕಾರ್ಡ್ ಯಾವ ಅಂಗಡ್ಯಾಗ ಸಿಗಬೇಕ್ರಿ, ಹಂಗಾಗಿ ನಮ್ಮ ಪಾಲಿಗೆ ಟಾಜೋನ ಪೊಕೆಮಾನ್ ಕಾರ್ಡ್. ಕಿರಾಣಿ ಅಂಗಡ್ಯಾಗ ಹೋಗಿ ಒಂದೊಂದ ಪಾಕೀಟ್ ಹಿಚಕಿ ಹಿಚಕಿ ನೋಡೂದು, ಅಂಗಡಿ ಕಾಕಾ "ಏ ಚಿಪ್ಸ್ ಪುಡಿ ಆಗ್ತಾವ, ಬಿಡ್ರಲೇ" ಅಂತ ಬಯ್ಯೂದು. ಸಿಕ್ಕಿದ್ದು ಮೊದ್ಲ ಇದ್ದದ್ದ ಆಗಿದ್ರ ಮರುದಿನ ಸಾಲ್ಯಾಗ ವ್ಯಾಪಾರ. ಚಾರಿಜಾರ್ಡ್ ಅನ್ನೋ ಪೊಕೆಮಾನಿನ ಒಂದು ಟಾಜೋಕ್ಕ ಎಷ್ಟು ಸಾದಾ ಟಾಜೋ ಅನ್ನೋ ರೇಟು ಯಾರೂ ಬರದಿಡ್ತಿರಲಿಲ್ಲ, ಓಣಿಗೊಂದ ರೇಟು, ಸಿಟ್ಟು ಬಂದ್ರ ಒಂದ ರೇಟು, ದೋಸ್ತಿ ಇದ್ರ ಇನ್ನೊಂದ ರೇಟು. ಈ ಚೌಕಾಶಿಯೊಳಗ ನಾವ್ ಕಲ್ತಿದ್ದು ಭಾಳ ಐತಿ, ಎದುರಿನವಂಗ ಏನ್ ಬೇಕು ಅಂತ ಮೊದ್ಲ ತಿಳ್ಕೊಳ್ಳೂದು, ನಮ್ಮ ಹತ್ರ ಅದು ಐತಿ ಅಂತ ಲಗೂ ಹೇಳದ ಇರೂದು.

ಈಗ ಒಂದ ಮಜಾ ಹೇಳ್ತೀನಿ ಕೇಳ್ರಿ. ಪೊಕೆಮಾನ್ ಹುಟ್ಟಿದ್ದ ಅದ್ಲಾಬದ್ಲಿಗೆ. ಇದನ್ನ ಹುಟ್ಟಿಸಿದಾಂವ ಸತೋಶಿ ತಾಜಿರಿ ಅಂತ, ಸಣ್ಣಾಂವ ಇದ್ದಾಗ ಹುಳಾ ಹಿಡ್ದು ಕೂಡಿಡೋ ಹುಚ್ಚು ಅವಂಗ. ಕೈಯಾಗ ಹಿಡ್ದು ಆಡೋ ಗೇಮ್ ಬಾಯ್ ಮಷಿನ್ ಎರಡನ್ನ ಜೋಡ್ಸೋ ಕೇಬಲ್ ನೋಡಿ, ಇದರ ಮ್ಯಾಲ ಹುಳಾ ಆ ಕಡೆಯಿಂದ ಈ ಕಡೆ ಹರದಾಡಿದ್ರ ಹೆಂಗ ಅಂತ ವಿಚಾರ ಮಾಡಿದ. 1996ರ ಫೆಬ್ರವರಿ 27ಕ್ಕ ಜಪಾನಿನ್ಯಾಗ ರೆಡ್, ಗ್ರೀನ್ ಅಂತ ಎರಡು ಗೇಮ್ ಬಿಟ್ರು, ಬೇಕಂತನ ಕೆಲವು ಪೊಕೆಮಾನ್ ರೆಡ್‌ನ್ಯಾಗ ಅಷ್ಟ, ಕೆಲವು ಗ್ರೀನ್‌ನ್ಯಾಗ ಅಷ್ಟ. ಅಂದ್ರ ಗೆಳ್ಯಾನ ಕೂಡ ಬದ್ಲಿ ಮಾಡದ ನಿನ್ನ ಪೊಕೆಮಾನ್ ಪಟ್ಟಿ ಪೂರ್ತಿ ಆಗೂದ ಇಲ್ಲ. ಕಡಾಬ್ರಾ, ಹಾಂಟರ್ ಇಂಥಾ ಪೊಕೆಮಾನ್ ಬ್ಯಾರೆಯವ್ರ ಕೈಗೆ ಹೋದ್ರ ಅಷ್ಟ ಮುಂದಿನ ರೂಪ ತಗೋತಿದ್ವು! ಅದ ವರ್ಷ ಅಕ್ಟೋಬರ್‌ದಾಗ ಕಾಗದದ ಕಾರ್ಡ್ ಬಂದ್ವು.

ಪೊಕೆಮಾನ್ ಗೋ ನೆನಪೈತಲ್ಲ, ಊರಾಗ ಅಡ್ಡ್ಯಾಡಿ ಮೊಬೈಲಿನ್ಯಾಗ ಪೊಕೆಮಾನ್ ಹಿಡಿಯೋ ಗೇಮ್? ಭಾರತಕ್ಕ 2016ರ ಡಿಸೆಂಬರ್‌ನ್ಯಾಗ ಬಂತು, ಜಿಯೋ ಕೂಡ ಸೇರಿ, ಆಗ ಜಿಯೋ ಡೇಟಾನೂ ಫ್ರೀ. ಅದರಾಗ 2018ಕ್ಕ ಬದ್ಲಿ ಮಾಡೋದು ಬಂದಾಗ ಇಬ್ರೂ 100 ಮೀಟರ್ ಒಳಗ ಇರಬೇಕು ಅಂತ ಇಟ್ಟಿದ್ರು. ಅಂದ್ರ ಉಣಕಲ್ ಕೆರಿ ದಂಡಿಗೆ ಬಾರಪಾ ಅಂತ ಕರಿಬೇಕು, ಬರಬೇಕು, ಕೂಡಬೇಕು. ನನಗ ಇದು ಭಾಳ ಸೇರ್ತು.

(ಈಗ ಮೊಬೈಲ್ ಸ್ಕ್ರೀನ್, ಪ್ಯಾಕ್ ಹರಿಯೋದು ಪೂರ್ತಿ ಇರಲಿ, ಕಟ್ ಮಾಡಬ್ಯಾಡ್ರಿ)

ಪಾಕೆಟ್ ನೋಡ್ರಿ. 12 ತಾಸಿಗೊಂದ ಪ್ಯಾಕ್ ಫ್ರೀ, ಅಂದ್ರ ದಿನಕ್ಕ ಎರಡು, ಒಂದರಾಗ 5 ಕಾರ್ಡ್. ಬಟ್ಟಿನಿಂದ ಎಳದ್ರ ಹಾಳಿ ಹರೀತೈತಿ, ಪ್ಯಾಕ್ ತಿರುವಿ ಹಾಕಿನೂ ನೋಡಬಹುದು. ಆದ್ರ ಯಾವ ಪ್ಯಾಕ್ ಆರ್ಸಿದ್ರೂ ಲೆಕ್ಕ ಒಂದ: ಮೊದಲನೇ ಸೆಟ್ಟಿನ್ಯಾಗ ಮೊದ್ಲಿನ ಮೂರು ಕಾರ್ಡ್ ಹೆಚ್ಚೂಕಡಿಮಿ ಎಲ್ಲಾ ಪ್ಯಾಕಿನ್ಯಾಗೂ ಸಾದಾನ, ಒಂದ ಡೈಮಂಡ್ ಗುರುತಿಂದು (ಡೈಮಂಡ್ ಹೆಚ್ಚಾದಂಗ ಕಾರ್ಡ್ ಅಪರೂಪ). ಕಿರೀಟದ ಗುರುತಿನ ಬಂಗಾರದ ಕಾರ್ಡ್ ನಾಲ್ಕನೇ ಜಾಗದಾಗ ಬರೋ ಚಾನ್ಸ್ 0.04 ಪರ್ಸೆಂಟ್, ಐದನೇದಾಗ 0.16. ಎರಡೂ ಕೂಡಿಸ್ರಿ, ಸುಮಾರು 500 ಪ್ಯಾಕಿಗೆ ಒಂದು. ಪ್ರತಿ ಪ್ಯಾಕಿಗೆ 5 ಪಾಯಿಂಟ್ ಕೊಡ್ತಾರ, ಆ ಕಾರ್ಡ್ ಪಾಯಿಂಟ್‌ನಿಂದ ತಗೋಬೇಕಂದ್ರ 2,500, ಅಲ್ಲೂ ಅದ 500 ಪ್ಯಾಕ್! ಫ್ರೀದಾಗ ಆಡಿದ್ರ 250 ದಿನದ ಮಾತು. ಮಕ್ಕಳ ಕೈಗೆ ಫೋನ್ ಕೊಟ್ಟ ಅಪ್ಪ ಅವ್ವ ಈ ಲೆಕ್ಕ ಒಮ್ಮೆ ಮಾಡ್ರಿ, ರೊಕ್ಕ ಹಾಕೂದು ಬ್ಯಾಡ ಅಂತ ನಾ ಹೇಳ್ತೀನಿ.

ಇನ್ನ ಅದ್ಲಾಬದ್ಲಿ. ಗೇಮ್ ಬಂದಾಗ ಅದು ಇರಲೇ ಇಲ್ಲ, 2025ರ ಜನವರಿ 29ಕ್ಕ ಬಂತು, ಬಂದ್ರೂ ಎಷ್ಟ ಬಿಗಿ ಅಂದ್ರ, ಸಮ ದರ್ಜೆ ಕಾರ್ಡಿಗೆ ಸಮ ದರ್ಜೆ ಅಷ್ಟ, ಅದೂ ಗೇಮಿನ್ಯಾಗ ಫ್ರೆಂಡ್ ಇದ್ದವ್ರ ಕೂಡ. ನಾಕ್ ಡೈಮಂಡಿನ ಒಂದ ಕಾರ್ಡ್ ಬದ್ಲಿ ಮಾಡಾಕ 500 ಟೋಕನ್ ಬೇಕಿತ್ತು, ಟೋಕನ್ ಬೇಕಂದ್ರ ನಿನ್ನ ಹತ್ರ ಒಂದಕ್ಕಿಂತ ಹೆಚ್ಚಿಗಿ ಇರೋ ಕಾರ್ಡ್ ಕಳ್ಕೋಬೇಕಿತ್ತು, ನಾಕ್ ಡೈಮಂಡಿನ ಕಾರ್ಡ್ ಒಂದಕ್ಕ ಸಿಗ್ತಿದ್ದದ್ದು 125. ನಾಕ್ ಕೊಂದು ಒಂದ ಬದ್ಲಿ! ಬಾಟ್ (ಮನಷ್ಯಾನ ಬದ್ಲಿ ತಾನ ಆಡೋ ಪ್ರೋಗ್ರಾಮ್) ಮತ್ತ ಹತ್ತಾರು ಅಕೌಂಟ್ ಮಾಡೋರನ್ನ ತಡಿಯಾಕ ಅಂತ ಕಂಪನಿ ಹೇಳ್ತು, ಆ ಕಾರಣ ಖರೇನೂ ಹೌದು. ಮಂದಿ ಭಾಳ ಒದರಾಡಿದ ಮ್ಯಾಲ 2025ರ ಜುಲೈದಾಗ ಟೋಕನ್ ತಗದ್ರು. ಆದ್ರ ಸಮಕ್ಕ ಸಮ ಅನ್ನೋದು ಉಳೀತು, ಹಂಗಾಗಿ ಚೌಕಾಶಿಗೆ ಜಾಗನ ಇಲ್ಲ, ಎರಡು ಸಣ್ಣವು ಕೊಟ್ಟು ಒಂದ ದೊಡ್ಡದು ತಗೊಳ್ಳೂದು, ನಾಳಿ ಕೊಡ್ತೀನಿ ಅನ್ನೂದು, ಯಾವದೂ ಇಲ್ಲ.

ಅದಕ್ಕ ನನಗ ಈಗಿನ ಹುಡುಗೂರ ನೋಡಿದ್ರ ಖುಷಿ ಆಗತೈತಿ. ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿ ಕಡೆ ಹೋದ್ರ ಬಂಗಾರ ಬಣ್ಣದ ಪ್ಲಾಸ್ಟಿಕ್ ಪೊಕೆಮಾನ್ ಕಾರ್ಡಿನ ಡಬ್ಬಿ ಸಿಗ್ತಾವಲ್ಲ, ಅವನ್ನ ತಗೊಂಡ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತು ಜಗಳಾಡಿ ಬದ್ಲಿ ಮಾಡ್ಕೋತಾವ. ಅವು ಕಂಪನಿ ಕಾರ್ಡ್ ಅಲ್ಲ ಮತ್ತ. ಖರೇ ಕಾರ್ಡ್ ದಪ್ಪ ಕಾಗದದ್ದು, ಇಂಗ್ಲಿಷ್ ಕಾರ್ಡಿನ ಹಿಂದ ನೀಲಿ ಬಣ್ಣ, ನಡುವ ಪೊಕೆ ಬಾಲ್, ಮತ್ತ ಡಬ್ಬಿ ತುಂಬ ಎಲ್ಲಾನೂ ಬಂಗಾರದ್ದ ಇರೂದಿಲ್ಲ. ಮಕ್ಕಳು ಕೇಳಿದ್ರ ಆಡಾಕ ಕೊಡಸ್ರಿ, ಮುಂದ ರೇಟ್ ಬರತೈತಿ ಅಂತ ಯಾರರೆ ಹೇಳಿದ್ರ ಆ ಮಾತಿಗೆ ರೊಕ್ಕ ಕೊಡಬ್ಯಾಡ್ರಿ.