ಕಪ್ಪಾದ ಬೆಳ್ಳಿ ಮತ್ತು ನಾಲ್ಕನೇ ಸಂಖ್ಯೆ

ಕೋಲಾರ ಜಿಲ್ಲೆಯ ಕೇಳುಗರೆಲ್ಲರಿಗೂ ನಮಸ್ಕಾರ. ಫಸ್ಟ್ ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳೇ, ಒಂದು ಪೆನ್ನು, ಒಂದು ಹಾಳೆ ಹತ್ತಿರ ಇಟ್ಟುಕೊಳ್ಳಿ. ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡಿರುವ ತಾಯಂದಿರೂ ಕೇಳಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಮುಂದೆ ಬರುತ್ತದೆ.

ಕ್ವಾಂಟಂ ಸಂಖ್ಯೆ ಅಂದ ಕೂಡಲೇ ನಮ್ಮ ಮಕ್ಕಳು ಉರು ಹೊಡೆಯಲು ಕೂರುತ್ತಾರೆ. ಪರಮಾಣುವಿನ ಒಂದೊಂದು ಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಹಿಡಿಸುತ್ತದೆ ಅನ್ನುವ ಲೆಕ್ಕ: ಎರಡು, ಎಂಟು, ಹದಿನೆಂಟು, ಮೂವತ್ತೆರಡು. ಯಾಕಪ್ಪಾ ಎಂಟು, ಒಂಬತ್ತು ಯಾಕಿಲ್ಲ ಅಂತ ಕೇಳಿದರೆ ಉತ್ತರ ಇಲ್ಲ. ಇವತ್ತು ನಾನು ಹೇಳುವುದು ಒಂದೇ ಮಾತು. ಉರು ಹೊಡೆಯಬೇಡಿ, ಎಣಿಸಿ.

ಬರೆದುಕೊಳ್ಳಿ. ಪರಮಾಣುವಿನ ಪ್ರತಿಯೊಂದು ಎಲೆಕ್ಟ್ರಾನಿಗೂ ನಾಲ್ಕು ಸಂಖ್ಯೆ. ಮೊದಲನೆಯದು ಎನ್, ಯಾವ ಕವಚ ಅಂತ ಹೇಳುತ್ತದೆ: 1, 2, 3 ಹೀಗೆ. ಎರಡನೆಯದು ಎಲ್, ಆರ್ಬಿಟಲ್‌ನ, ಅಂದರೆ ಎಲೆಕ್ಟ್ರಾನ್ ಇರುವ ಸಾಧ್ಯತೆ ಹೆಚ್ಚಾಗಿರುವ ಜಾಗದ, ಆಕಾರ. ಅದು ಸೊನ್ನೆಯಿಂದ ಶುರುವಾಗಿ ಎನ್‌ಗಿಂತ ಒಂದು ಕಡಿಮೆಗೆ ನಿಲ್ಲುತ್ತದೆ. ಸೊನ್ನೆ ಅಂದರೆ ಎಸ್, 1 ಅಂದರೆ ಪಿ, 2 ಅಂದರೆ ಡಿ, 3 ಅಂದರೆ ಎಫ್. ಮೂರನೆಯದು ಎಂ, ದಿಕ್ಕು. ಮೈನಸ್ ಎಲ್‌ನಿಂದ ಪ್ಲಸ್ ಎಲ್‌ವರೆಗೆ. ನಾಲ್ಕನೆಯದು ಸ್ಪಿನ್, ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತದ ಹಾಗೆ ವರ್ತಿಸುವಂತೆ ಮಾಡುವ ಅದರದೇ ಗುಣ. ಪ್ಲಸ್ ಅರ್ಧ, ಇಲ್ಲವೇ ಮೈನಸ್ ಅರ್ಧ, ಅಷ್ಟೇ. 1925ರಲ್ಲಿ ವೋಲ್ಫ್‌ಗಾಂಗ್ ಪೌಲಿ ಒಂದು ನಿಯಮ ಹೇಳಿದರು. ಒಂದು ಪರಮಾಣುವಿನಲ್ಲಿ ಯಾವ ಎರಡು ಎಲೆಕ್ಟ್ರಾನಿಗೂ ಈ ನಾಲ್ಕೂ ಸಂಖ್ಯೆ ಒಂದೇ ಆಗಿರುವುದಿಲ್ಲ.

ಈಗ ಎಣಿಸಿ. ಎನ್ 2 ಇರಲಿ. ಆಗ ಎಲ್ ಸೊನ್ನೆ ಅಥವಾ 1. ಸೊನ್ನೆಗೆ ಎಂ ಒಂದೇ ಒಂದು. 1ಕ್ಕೆ ಎಂ ಮೂರು: ಮೈನಸ್ 1, ಸೊನ್ನೆ, ಪ್ಲಸ್ 1. ಒಟ್ಟು ನಾಲ್ಕು ಆರ್ಬಿಟಲ್. ಒಂದೊಂದಕ್ಕೂ ಎರಡು ಸ್ಪಿನ್. ನಾಲ್ಕೆರಡಲಿ ಎಂಟು. ಬಂತು ಅಲ್ವಾ? ಹದಿನೆಂಟನ್ನು ನೀವೇ ಎಣಿಸಿ.

ಈ ನಾಲ್ಕನೇ ಸಂಖ್ಯೆಯನ್ನು ಯಾರೂ ಸುಮ್ನೆ ಕಲ್ಪಿಸಿಕೊಂಡಿದ್ದಲ್ಲ. ಅದರ ಗುರುತು ಕಣ್ಣಿಗೆ ಬಿದ್ದ ಕಥೆ ಹೇಳುತ್ತೇನೆ. ನನಗೆ ಬಹಳ ಪ್ರಿಯವಾದ ಕಥೆ. 1922, ಜರ್ಮನಿಯ ಫ್ರಾಂಕ್‌ಫರ್ಟ್. ಆಟೊ ಸ್ಟರ್ನ್, ವಾಲ್ಟರ್ ಗೆರ್ಲಾಕ್ ಎಂಬ ಇಬ್ಬರು ಬೆಳ್ಳಿಯನ್ನು ಪುಟ್ಟ ಒಲೆಯಲ್ಲಿ ಕಾಯಿಸಿ ಆವಿ ಮಾಡಿದರು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಆ ಪರಮಾಣುಗಳು ಸಣ್ಣ ಸೀಳಿನಿಂದ ಹೊರಟು, ಅಯಸ್ಕಾಂತದ ನಡುವೆ ಹಾದು, ಗಾಜಿನ ತಟ್ಟೆಗೆ ಬಡಿಯಬೇಕು. ಹಳೆಯ ಲೆಕ್ಕದ ಪ್ರಕಾರ ಗಾಜಿನ ಮೇಲೆ ಒಂದು ಅಗಲವಾದ ಪಟ್ಟೆ ಬೀಳಬೇಕಿತ್ತು.

ಗೆರ್ಲಾಕ್ ತಟ್ಟೆ ಹೊರತೆಗೆದರೆ ಏನೂ ಕಾಣಲಿಲ್ಲ. ಬಿದ್ದಿದ್ದ ಬೆಳ್ಳಿ ಅಷ್ಟು ತೆಳು. ಅವರು ಅದನ್ನು ಸ್ಟರ್ನ್ ಕೈಗೆ ಕೊಟ್ಟರು. ಸ್ಟರ್ನ್ ಮುಖದ ಹತ್ತಿರ ಹಿಡಿದು ನೋಡುತ್ತಿದ್ದಂತೆ ನಿಧಾನವಾಗಿ ಕಪ್ಪು ಗೆರೆ ಮೂಡತೊಡಗಿತು! ಕಾರಣ ಏನು? ಸ್ಟರ್ನ್ ಮುಂದೆ ನೆನಪಿಸಿಕೊಂಡ ಹಾಗೆ, ಸಂಬಳ ಕಡಿಮೆ ಇದ್ದದ್ದರಿಂದ ಅವರು ಸೇದುತ್ತಿದ್ದದ್ದು ಅಗ್ಗದ ಚುಟ್ಟ. ಅದರಲ್ಲಿ ಗಂಧಕ ಜಾಸ್ತಿ. ಉಸಿರಿನ ಗಂಧಕ ತಾಗಿ ಬೆಳ್ಳಿ ಕಪ್ಪಾಯಿತು.

ತಾಯಂದಿರೇ, ದೇವರ ಮನೆಯ ಬೆಳ್ಳಿ ದೀಪ, ಕುಂಕುಮದ ಬಟ್ಟಲು ಕಪ್ಪಾಗುತ್ತವೆ, ಹಬ್ಬದ ಹಿಂದಿನ ದಿನ ವಿಭೂತಿ ಹಚ್ಚಿ ತಿಕ್ಕುತ್ತೀರಿ. ಆ ಕಪ್ಪೇ ಇದು. ಬೆಳ್ಳಿ ಸಲ್ಫೈಡ್.

ಪ್ರಯೋಗದಲ್ಲಿ ಕೊನೆಗೆ ಸಿಕ್ಕಿದ್ದು ಅಗಲವಾದ ಪಟ್ಟೆ ಅಲ್ಲ. ಗೆರೆ ನಡುವೆ ಸೀಳಿ ಎರಡಾಗಿತ್ತು. ಗೆರ್ಲಾಕ್ ಅದರ ಫೋಟೊವನ್ನು ಪೋಸ್ಟ್‌ಕಾರ್ಡಿಗೆ ಅಂಟಿಸಿ ಪರಮಾಣುವಿನ ಮಾದರಿ ಕೊಟ್ಟ ವಿಜ್ಞಾನಿ ನೀಲ್ಸ್ ಬೋರ್ ಅವರಿಗೆ ಕಳಿಸಿದರು. ಬೆಳ್ಳಿಗೆ 47 ಎಲೆಕ್ಟ್ರಾನ್. 46 ಜೋಡಿಯಾಗಿ ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತವೆ. ಉಳಿದದ್ದು 5ಎಸ್‌ನಲ್ಲಿ, ಅಂದರೆ ಐದನೇ ಕವಚದ ಎಸ್‌ನಲ್ಲಿ, ಒಂದೇ ಒಂದು. ಎಸ್ ಅಂದರೆ ಎಲ್ ಸೊನ್ನೆ, ಆದ್ದರಿಂದ ಅಯಸ್ಕಾಂತಕ್ಕೆ ಸಿಗುವುದು ಅದರ ಸ್ಪಿನ್ ಮಾತ್ರ. ಸ್ಪಿನ್ ಎರಡು, ಗೆರೆ ಎರಡು. 1925ರಲ್ಲಿ ಊಲೆನ್‌ಬೆಕ್, ಗೌಡ್‌ಸ್ಮಿಟ್ ಎಂಬ ಇಬ್ಬರು ಯುವಕರು ಸ್ಪಿನ್ ಅನ್ನುವ ವಿಚಾರ ಮುಂದಿಟ್ಟ ಮೇಲೆಯೇ ಆ ಎರಡು ಗೆರೆಯ ಅರ್ಥ ತಿಳಿದದ್ದು. ನಮ್ಮ ಕೆಜಿಎಫ್‌ನ ಚಿನ್ನಕ್ಕೂ ಹೀಗೇ. 79ರಲ್ಲಿ ಕೊನೆಯದು 6ಎಸ್‌ನಲ್ಲಿ ಒಂಟಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೊಟ್ಯಾಸಿಯಂನ 19ನೇ ಎಲೆಕ್ಟ್ರಾನ್ 3ಡಿ ಬಿಟ್ಟು 4ಎಸ್‌ಗೆ ಯಾಕೆ ಹೋಗುತ್ತದೆ? ಎನ್ ಮತ್ತು ಎಲ್ ಕೂಡಿಸಿ. 4ಎಸ್‌ಗೆ 4, 3ಡಿಗೆ 5. ಕಡಿಮೆ ಇರುವುದು ಮೊದಲು ತುಂಬುತ್ತದೆ. ಇನ್ನು ಹುಂಡ್ ನಿಯಮ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಖಾಲಿ ಬಸ್ಸು ಹತ್ತಿದವರು ಒಂದೊಂದು ಸೀಟಿಗೆ ಒಬ್ಬೊಬ್ಬರೇ ಕೂರುತ್ತಾರೆ, ಸೀಟೆಲ್ಲ ಆದ ಮೇಲೇ ಪಕ್ಕಕ್ಕೆ ಇನ್ನೊಬ್ಬರು ಬರುವುದು. ಸಾರಜನಕದ ಮೂರು ಪಿ ಎಲೆಕ್ಟ್ರಾನ್ ಹಾಗೆ ಬೇರೆ ಬೇರೆ. ಆಮ್ಲಜನಕದಲ್ಲಿ ನಾಲ್ಕನೆಯದು ಬಂದು ಜೋಡಿಯಾಗುತ್ತದೆ. ಕ್ರೋಮಿಯಂ, ತಾಮ್ರ ಎರಡರಲ್ಲೂ 4ಎಸ್‌ನಲ್ಲಿ ಒಂದೇ. ಅದನ್ನು ನಿಮ್ಮ ಮೇಷ್ಟ್ರನ್ನು ಬಿಡದೆ ಕೇಳಿ.

ಕೊನೆಗೆ ಒಂದು ಲೆಕ್ಕ. ಕಬ್ಬಿಣಕ್ಕೆ 26 ಎಲೆಕ್ಟ್ರಾನ್. 4ಎಸ್ ತುಂಬಿದ ಮೇಲೆ 3ಡಿಗೆ ಆರು ಉಳಿಯುತ್ತವೆ. ಐದು ಆರ್ಬಿಟಲ್‌ಗೆ ಹಂಚಿ, ಒಂಟಿಯಾಗಿರುವುದು ಎಷ್ಟು ನೋಡಿ. ನಾಲ್ಕು ಬರಬೇಕು. ಬರದಿದ್ದರೆ ಪುಸ್ತಕ ತೆಗೆಯಬೇಡಿ, ಇನ್ನೊಂದು ಸಲ ಎಣಿಸಿ. ನಮಸ್ಕಾರ.