ಫ್ಯೂಚರ್ ಕ್ರೂ: ಗೆದ್ದ ಮೇಲೆ ಚದುರಿದ ಗೆಳೆಯರು

ಎಲ್ಲರಿಗೂ ನಮಸ್ಕಾರ.

1993ರ ಬೇಸಿಗೆಯಲ್ಲಿ ಫಿನ್ಲೆಂಡ್‌ನ ಕೆರವಾದಲ್ಲಿ ‘ಅಸೆಂಬ್ಲಿ’ ಎಂಬ ಕಂಪ್ಯೂಟರ್ ಕೂಟ ನಡೆಯಿತು. ಅಲ್ಲಿ ‘ಸೆಕೆಂಡ್ ರಿಯಾಲಿಟಿ’ ಎಂಬ ಡೆಮೊ ಪಿಸಿ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. ಮಾಡಿದವರು ಫ್ಯೂಚರ್ ಕ್ರೂ ಎಂಬ ಗೆಳೆಯರ ಗುಂಪು. ಆಮೇಲೆ ಅಂಥ ಇನ್ನೊಂದು ದೊಡ್ಡ ಡೆಮೊ ಅವರಿಂದ ಬರಲೇ ಇಲ್ಲ. ಯಾಕೆ ಅನ್ನುವುದೇ ಇವತ್ತಿನ ಮಾತು.

ಡೆಮೊ ಅಂದರೆ ಕಂಪ್ಯೂಟರ್ ಆಗಿಂದಾಗಲೇ ಲೆಕ್ಕ ಹಾಕಿ ತೋರಿಸುವ ಚಿತ್ರ, ಜೊತೆಗೆ ಸಂಗೀತ. ಆಟಗಳ ಕಾಪಿ ಲಾಕ್, ಅಂದರೆ ನಕಲು ಮಾಡದಂತೆ ಹಾಕಿದ ಬೀಗ, ಒಡೆಯುತ್ತಿದ್ದ ಹುಡುಗರು ಆಟದ ಮುಂದೆ ತಮ್ಮ ಹೆಸರು ಕುಣಿಸುತ್ತಿದ್ದರು. ಬರಬರುತ್ತಾ ಆ ಕುಣಿತವೇ ಮುಖ್ಯವಾಯಿತು.

ಫ್ಯೂಚರ್ ಕ್ರೂ ಶುರುವಾದದ್ದು 1986ರ ಸುಮಾರಿಗೆ, ಕಮೊಡೋರ್ 64 ಎಂಬ ಮನೆ ಕಂಪ್ಯೂಟರಿನಲ್ಲಿ. ಆಮೇಲೆ ಪಿಸಿಗೆ ಬಂದರು. ಆಗ ಪಿಸಿ ಅಂದರೆ ಆಫೀಸಿನ ಯಂತ್ರ. ಅಮಿಗಾ ಎಂಬ ಇನ್ನೊಂದು ಕಂಪ್ಯೂಟರಿನಲ್ಲಿ ಚಿತ್ರಕ್ಕೆ, ಸದ್ದಿಗೆ ಬೇರೆ ಚಿಪ್‌ಗಳಿದ್ದವು. ಪಿಸಿಯಲ್ಲಿ ಹೆಚ್ಚಿನ ಹೊರೆಯೆಲ್ಲ ಪ್ರೊಸೆಸರ್ ತಲೆಗೇ.

ಆಗಿನ ಪರದೆಯಲ್ಲಿ ಅಡ್ಡಕ್ಕೆ 320, ಮೇಲಿಂದ ಕೆಳಗೆ 200, ಒಟ್ಟು 64,000 ಚುಕ್ಕಿ. ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಬರೆಯಹೋದರೆ ಯಂತ್ರ ತೆವಳುತ್ತದೆ. ಅದಕ್ಕೆ ಡೆಮೊದವರ ಹಳೆಯ ಉಪಾಯ ನೋಡಿ. ಚುಕ್ಕಿಯಲ್ಲಿ ಇರುವುದು 0ಯಿಂದ 255ರವರೆಗಿನ ಒಂದು ಸಂಖ್ಯೆ, ಅಷ್ಟೇ. ಯಾವ ಸಂಖ್ಯೆಗೆ ಯಾವ ಬಣ್ಣ ಅನ್ನುವುದಕ್ಕೆ ಬೇರೆ ಪಟ್ಟಿ ಇದೆ. ಚುಕ್ಕಿಗಳನ್ನು ಮುಟ್ಟದೆ ಆ ಪಟ್ಟಿಯ ಬಣ್ಣಗಳನ್ನು ಒಂದೊಂದು ಮನೆ ಸರಿಸುತ್ತಾ ಹೋಗಿ. ನಿಂತ ಚಿತ್ರ ಹರಿಯತೊಡಗುತ್ತದೆ! ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ತರಿಸಿಲ್ಲ.

ಸಂಗೀತಕ್ಕೂ ಸ್ಕ್ರೀಮ್ ಟ್ರ್ಯಾಕರ್ ಎಂಬ ಪ್ರೋಗ್ರಾಂ ತಾವೇ ಬರೆದುಕೊಂಡರು. ಅಸೆಂಬ್ಲಿ ಕೂಟವನ್ನು 1992ರಲ್ಲಿ ಹುಟ್ಟುಹಾಕಿದವರಲ್ಲೂ ಇವರಿದ್ದರು.

ಸೆಕೆಂಡ್ ರಿಯಾಲಿಟಿಯ ಕೋಡನ್ನು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಒಳಗೆ ನೋಡಿದರೆ ದೃಶ್ಯಗಳೆಲ್ಲ ಬೇರೆ ಬೇರೆ ಪ್ರೋಗ್ರಾಂಗಳು. ಒಂದಷ್ಟು ಅಸೆಂಬ್ಲಿ ಭಾಷೆಯಲ್ಲಿ (ಕೂಟದ ಹೆಸರಲ್ಲ, ಪ್ರೊಸೆಸರಿಗೆ ತೀರ ಹತ್ತಿರದ ಪ್ರೋಗ್ರಾಂ ಭಾಷೆ), ಒಂದಷ್ಟು ಸಿ ಭಾಷೆಯಲ್ಲಿ. ಮೆಮೊರಿಯಲ್ಲಿ ಕೂತ ಒಂದು ಪುಟ್ಟ ಪ್ರೋಗ್ರಾಂ ಇವನ್ನೆಲ್ಲ ಕೂಡಿಸುತ್ತದೆ. ಹಾಡು ಎಲ್ಲಿಗೆ ಬಂತು ಅಂತ ಅದನ್ನು ಕೇಳಿಕೊಂಡು ದೃಶ್ಯಗಳು ಹೆಜ್ಜೆ ಹಾಕುತ್ತವೆ. ಗುಂಪು ನಡೆದದ್ದೂ ಹೀಗೆಯೇ ಅಲ್ವಾ? ಯಾರ ಕೆಲಸ ಅವರದು, ತಾಳ ಮಾತ್ರ ಒಂದೇ.

ಆ ಕೈಗಳಿಗೆ ಬೇಡಿಕೆ ಬಂತು. ಗುಂಪಿನ ಕೆಲವರು 1995ರಲ್ಲಿ ರೆಮಿಡಿ ಎಂಬ ಗೇಮ್ ಕಂಪನಿ ಕಟ್ಟುವಲ್ಲಿ ಸೇರಿದರು. 2001ರಲ್ಲಿ ಬಂದ ಮ್ಯಾಕ್ಸ್ ಪೇನ್ ಆಟ ಆ ಕಂಪನಿಯದೇ. ಇನ್ನು ಕೆಲವರು ಗ್ರಾಫಿಕ್ಸ್ ಕಾರ್ಡ್‌ಗಳ ವೇಗ ಅಳೆಯುವ 3ಡಿಮಾರ್ಕ್ ಕಡೆ ಹೋದರು. ಅಷ್ಟರಲ್ಲಿ 3ಡಿ ಕಾರ್ಡ್‌ಗಳೇ ಮನೆಮನೆಗೆ ಬಂದವು. ಇವರು ಬೆವರು ಸುರಿಸಿ ಮಾಡುತ್ತಿದ್ದ ಎಷ್ಟೋ ಕೆಲಸ ಆ ಕಾರ್ಡ್‌ಗಳ ಚಿಪ್‌ಗಳ ಪಾಲಾಯಿತು.

ಸಂಬಳ ಬಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರೂ ಹೇಳದೆ, ಯಾರಿಗೂ ಮಾರದೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಗುಂಪು ಇನ್ನೊಂದು ಡೆಮೊ ಮಾಡಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಅಸೆಂಬ್ಲಿ ಕೂಟ ಮುಂದೆಯೂ ನಡೆಯಿತು. 2020ರಲ್ಲಿ ಫಿನ್ಲೆಂಡ್ ಡೆಮೊ ಕಲೆಯನ್ನು ತನ್ನ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿತು. ಸೆಕೆಂಡ್ ರಿಯಾಲಿಟಿಯ ಕೋಡನ್ನು ನೀವೂ ಇಳಿಸಿಕೊಂಡು ಓದಬಹುದು. ಅಸೆಂಬ್ಲಿ ಭಾಷೆ ಕಷ್ಟ ಅನ್ನಿಸಿದರೆ ಸಿ ಭಾಷೆಯಲ್ಲಿರುವ ದೃಶ್ಯಗಳಿಂದ ಶುರು ಮಾಡಿ.