ಬಿಳಿ ವೈನ್: ಸಿಪ್ಪೆ ಬಿಟ್ಟ ರಸ

ಕೇಳುಗರೆಲ್ಲರಿಗೂ ನಮಸ್ಕಾರ. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ತೋಟದವರು ಸ್ವಲ್ಪ ರೇಡಿಯೋ ಜೋರು ಮಾಡಿಕೊಳ್ಳಿ.

ಬಿಳಿ ವೈನ್ ಅಂದರೆ ಕೆಂಪು ವೈನಿಗೆ ನೀರು ಬೆರೆಸಿದ್ದು ಅಂತ ಈಗಲೂ ಹೇಳುವವರಿದ್ದಾರೆ. ದಯವಿಟ್ಟು ಆ ಮಾತು ಬಿಡಿ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುದುಗಿಸಿದರೆ ಕೆಂಪು ವೈನ್. ಹಿಂಡಿದ ಕೂಡಲೇ ಸಿಪ್ಪೆ ಬೇರೆ ಮಾಡಿ, ಬರೀ ರಸ ಹುದುಗಿಸಿದರೆ ಬಿಳಿ ವೈನ್. ಅಷ್ಟೇ.

ಹಿರಿಯೂರಿನ ಒಂದು ತರಬೇತಿಯಲ್ಲಿ ಹಿರಿಯ ರೈತರೊಬ್ಬರು ಎದ್ದು ನಿಂತು, "ಬಿಳಿ ವೈನಿಗೆ ಬಿಳಿ ದ್ರಾಕ್ಷಿನೇ ಆಗ್ಬೇಕಲ್ವಾ ಸಾರ್?" ಅಂದರು. ಬಾಯಿಮಾತಿಗೆ ಒಪ್ಪುವ ಆಸಾಮಿಯಲ್ಲ. ಸಂತೆಯಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತರಿಸಿದೆ. "ಯಜಮಾನ್ರೇ, ತೊಟ್ಟು ಕಿತ್ತು ಒಂದು ಹಣ್ಣು ಅದುಮಿ" ಅಂದೆ. ತಿರುಳು ಪುಳಕ್ಕನೆ ಅಂಗೈಗೆ ಜಾರಿತು. ತಿಳಿ ಹಸಿರು! ಕಪ್ಪು ಸಿಪ್ಪೆ ಬೆರಳಲ್ಲೇ ಉಳಿಯಿತು. ಅದನ್ನು ಉಜ್ಜಿಸಿದೆ. ಹೆಬ್ಬೆರಳೆಲ್ಲ ನೇರಳೆ. ಆಮೇಲೆ ಎರಡು ಗಾಜಿನ ಲೋಟ ಇಟ್ಟು, ಒಂದಕ್ಕೆ ತಿರುಳಿನ ರಸ ಮಾತ್ರ ಸೋಸಿದೆವು, ಇನ್ನೊಂದಕ್ಕೆ ಸಿಪ್ಪೆಯನ್ನೂ ಕಿವುಚಿ ಹಾಕಿದೆವು. ಸಂಜೆ ಟೀ ಹೊತ್ತಿಗೆ ಒಂದು ಮಾಸಲು ಬಿಳುಪು, ಇನ್ನೊಂದು ಕಡುಗೆಂಪು. ಯಜಮಾನರು ಎರಡೂ ಲೋಟ ಬೆಳಕಿಗೆ ಹಿಡಿದು, "ಹಂಗಾದ್ರೆ ಎಲ್ಲಾ ಸಿಪ್ಪೆದೇ ಆಟ" ಅಂದರು. ನನಗೆ ಬೇಕಾಗಿದ್ದದ್ದೇ ಆ ಮಾತು. ಫ್ರಾನ್ಸಿನ ಷಾಂಪೇನ್ ಸೀಮೆಯಲ್ಲೂ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್ ತೆಗೆಯುತ್ತಾರೆ.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳಿಬಿಡುತ್ತೇನೆ. ಹಿಂಡಿದ ರಸವನ್ನು ತಂಪಿನಲ್ಲಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಗೆ ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ, ಗಾಳಿಗುಳ್ಳೆ ಬಿಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇಕಡಾ 1ರಷ್ಟು ಆಲ್ಕೋಹಾಲ್. ಬಿಸಿ ಮಾತ್ರ 12ರಿಂದ 18 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಚಳಿಗಾಲದಲ್ಲಿ ದೋಸೆ ಹಿಟ್ಟು ನಿಧಾನವಾಗಿ ಹುದುಗುವ ಹಾಗೆ ಇದೂ ನಿಧಾನವಾಗಿ ಹುದುಗಬೇಕು. ಬಿಸಿ ಏರಿದರೆ ಹಣ್ಣಿನ ಘಮ ಹಾರಿಹೋಗುತ್ತದೆ. ಗಾಳಿ ಆಡಿದರೆ ಕೊಯ್ದಿಟ್ಟ ಬದನೆಕಾಯಿಯದೇ ಗತಿ, ಕಂದು ತಿರುಗುತ್ತದೆ.

ನಂದಿ ಬೆಟ್ಟದ ತಪ್ಪಲಲ್ಲಿ ಸೋವಿನ್ಯೋನ್ ಬ್ಲಾಂಕ್‌ನಂಥ ತಳಿಗಳಿಂದ ಬಿಳಿ ವೈನ್ ಮಾಡುತ್ತಿದ್ದಾರೆ. ಅಲ್ಲಿಗೆ ಹೋದರೆ ರುಚಿ ನೋಡುವ ಕೋಣೆಗೆ ಮೊದಲು ನುಗ್ಗಬೇಡಿ. ಹಿಂಡುವ ಯಂತ್ರದ ಹತ್ತಿರ ನಿಂತು, ಸಿಪ್ಪೆ ಎಷ್ಟು ಹೊತ್ತಿಗೆ ಹೊರಗೆ ಬಿತ್ತು ಅಂತ ನೋಡಿ. ನಮಸ್ಕಾರ.